ಮೂರು ಮನೆ, ಒಂದೇ ಕಥೆ: ಪ್ಯಾರಮಟ್ಟಾದ ಲಾರ್ಡ್ ಮೇಯರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಲಾರ್ಡ್ ಮೇಯರ್ ಅವರೇ,

ನಿಮ್ಮ ಆಡಳಿತಕ್ಕೆ ಸೇರಿದ ಹ್ಯಾರಿಸ್ ಪಾರ್ಕ್‌ನಲ್ಲಿ ಇಂದು ಹೆಚ್ಚುಕಡಿಮೆ ಅರ್ಧದಷ್ಟು ಜನ ಭಾರತದಲ್ಲಿ ಹುಟ್ಟಿದವರು. ಅವರಲ್ಲಿ ನಾವು ಕನ್ನಡಿಗರೂ ಇದ್ದೇವೆ. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

2023ರಲ್ಲಿ ಭಾರತ, ಆಸ್ಟ್ರೇಲಿಯಾ ಎರಡೂ ದೇಶಗಳ ಪ್ರಧಾನಿಗಳು ಸೇರಿ ಇಲ್ಲಿನ 'ಲಿಟಲ್ ಇಂಡಿಯಾ' ಹೆಬ್ಬಾಗಿಲಿನ ಶಿಲಾಫಲಕ ಅನಾವರಣ ಮಾಡಿದರು. ಸಂತೋಷ. ಆದರೆ ಈ ನೆಲಕ್ಕೂ ಭಾರತಕ್ಕೂ ಇರುವ ನಂಟು ವಿಗ್ರಾಮ್ ಬೀದಿಯ ದೋಸೆ ಹೋಟೆಲುಗಳಿಂದ ಶುರುವಾದದ್ದಲ್ಲ. ಅದು 1794ರಷ್ಟು ಹಳೆಯದು. ಅದನ್ನು ಹೇಳಬಲ್ಲ ಮೂರು ಮನೆಗಳು ಪಕ್ಕದಲ್ಲೇ ಇವೆ.

ಮೊದಲನೆಯದು ಎಲಿಜಬೆತ್ ಫಾರ್ಮ್. ಸೇನಾಧಿಕಾರಿ ಜಾನ್ ಮಕಾರ್ಥರ್‌ಗೆ 1793ರಲ್ಲಿ ನೂರು ಎಕರೆ ಮಂಜೂರಾಯಿತು. ಅದೇ ವರ್ಷ ಅಲ್ಲಿ 68 ಅಡಿ ಉದ್ದ, 18 ಅಡಿ ಅಗಲದ ಇಟ್ಟಿಗೆ ಮನೆ ಎದ್ದಿತು. ಯುರೋಪಿನಿಂದ ಬಂದವರು ಆಸ್ಟ್ರೇಲಿಯಾದಲ್ಲಿ ಕಟ್ಟಿಕೊಂಡ ವಾಸದ ಮನೆಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು ಇದೇ. ಎರಡನೆಯದು ಎಕ್ಸ್‌ಪೆರಿಮೆಂಟ್ ಫಾರ್ಮ್. ಶಿಕ್ಷೆ ಮುಗಿಸಿದ ಕೈದಿ ಜೇಮ್ಸ್ ರೂಸ್, ತನ್ನ ಬೆಳೆಯಲ್ಲೇ ತಾನು ಬದುಕಬಲ್ಲೆ ಎಂದು ತೋರಿಸಿ 1791ರಲ್ಲಿ 30 ಎಕರೆ ಪಡೆದ ಜಾಗ ಅದು. ಎರಡು ವರ್ಷಗಳ ನಂತರ ಅವನು ಅದನ್ನು 40 ಪೌಂಡಿಗೆ ಶಸ್ತ್ರವೈದ್ಯ ಜಾನ್ ಹ್ಯಾರಿಸ್‌ಗೆ ಮಾರಿದ. ಊರಿನ ಹೆಸರಿನಲ್ಲಿರುವುದು ಆ ಹ್ಯಾರಿಸ್ಸೇ. ಮೂರನೆಯದು ಹ್ಯಾಂಬಲ್ಡನ್ ಕಾಟೇಜ್. ಮಕಾರ್ಥರ್ ಮಕ್ಕಳಿಗೆ ಪಾಠ ಹೇಳಿದ ಪೆನೆಲೊಪಿ ಲೂಕಸ್‌ಗಾಗಿ 1820ರ ದಶಕದಲ್ಲಿ ಅದನ್ನು ಕಟ್ಟಿಸಿದರು.

ಇನ್ನು ಭಾರತದ ನಂಟಿಗೆ ಬರುತ್ತೇನೆ. ಮಕಾರ್ಥರ್ ಎಂದರೆ ಮೆರಿನೋ ಉಣ್ಣೆ ಎಂದು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಮೆರಿನೋ ಕುರಿ ಬಂದದ್ದು 1797ರಲ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ನಿಂದ. ಅದಕ್ಕೂ ಮೊದಲು, 1794ರಲ್ಲಿ, ಅವನು ಕೊಂಡದ್ದು ಕಲ್ಕತ್ತಾದಿಂದ ಹಡಗಿನಲ್ಲಿ ಬಂದ ಅರವತ್ತು ಬಂಗಾಳದ ಕುರಿ ಮತ್ತು ಮರಿಗಳನ್ನು. ಅವುಗಳ ಮೈಮೇಲೆ ಇದ್ದದ್ದು ಒರಟು ಕೂದಲು. ಐರಿಶ್ ತಳಿಯ ಜೊತೆ ಸೇರಿಸಿದಾಗ ಹುಟ್ಟಿದ ಮರಿಗಳ ಮೈಯಲ್ಲಿ ಕೂದಲಿನೊಡನೆ ಉಣ್ಣೆಯೂ ಕಾಣಿಸಿತು. ನಯವಾದ ಉಣ್ಣೆ ಬೆಳೆಯುವ ಯೋಚನೆ ಹೊಳೆದದ್ದೇ ಅದರಿಂದ ಎಂದು ಮುಂದೆ ಅವನೇ ಹೇಳಿಕೊಂಡಿದ್ದಾನೆ. ಗವರ್ನರ್ ಬ್ಲೈ ವಿರುದ್ಧದ 1808ರ ದಂಗೆಯ ಬಳಿಕ ಅವನು 1809ರಿಂದ 1817ರವರೆಗೆ ಇಂಗ್ಲೆಂಡಿನಲ್ಲೇ ಉಳಿಯಬೇಕಾಯಿತು. ಆಗ ಮಂದೆಯನ್ನೂ ವ್ಯವಹಾರವನ್ನೂ ನಡೆಸಿದವಳು ಹೆಂಡತಿ ಎಲಿಜಬೆತ್.

ಆ ಜಮೀನಿನಲ್ಲಿ ದುಡಿದವರು ಕೈದಿಗಳು. ಇನ್ನು ನೆಲವೋ, ಮೂಲನಿವಾಸಿಗಳಾದ ಬುರ್‍ರಮಟ್ಟಗಲ್ ಜನರದ್ದು. ಮನೆ ಕಟ್ಟಿ ನಾಲ್ಕು ವರ್ಷವಾಗುವಷ್ಟರಲ್ಲಿ, 1797ರಲ್ಲಿ, ಮೂಲನಿವಾಸಿ ಯೋಧ ಪೆಮುಲ್‌ವೊಯ್ ತನ್ನವರನ್ನು ಕರೆದುಕೊಂಡು ಪ್ಯಾರಮಟ್ಟಾಕ್ಕೇ ನುಗ್ಗಿ ಗುಂಡೇಟು ತಿಂದ. ಒಡೆಯರ ಕಥೆಯನ್ನಷ್ಟೇ ಹೇಳಿ ಇವರನ್ನು ಬಿಟ್ಟರೆ ಈ ಮನೆಗಳು ಹಳೆಯ ಪೀಠೋಪಕರಣಗಳ ಅಂಗಡಿಗಳಾಗುತ್ತವೆ.

ಈ ಮನೆಗಳು ತಾವಾಗಿ ಉಳಿದವಲ್ಲ. ಪಾಳುಬಿದ್ದಿದ್ದ ಎಲಿಜಬೆತ್ ಫಾರ್ಮನ್ನು 1904ರಲ್ಲಿ ಸ್ವಾನ್ ಕುಟುಂಬ ಕೊಂಡು ಕಾಪಾಡಿತು. 1984ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಎಕ್ಸ್‌ಪೆರಿಮೆಂಟ್ ಫಾರ್ಮನ್ನು 1961ರಲ್ಲಿ ನ್ಯಾಷನಲ್ ಟ್ರಸ್ಟ್ ಕೊಂಡಿತು. ಉಳಿಸುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ನಿಮ್ಮ ನಗರ ಕಂಡಿದೆ. 2021ರಲ್ಲಿ ಹೊಸ ಮ್ಯೂಸಿಯಂಗಾಗಿ ವಿಲೋ ಗ್ರೋವ್ ಬಂಗಲೆಯನ್ನು ಬಿಚ್ಚಿಹಾಕಲಾಯಿತು. ಜನರ ಪ್ರತಿಭಟನೆಗೆ ಬೆಲೆ ಸಿಗಲಿಲ್ಲ. ಆ ತೀರ್ಮಾನ ರಾಜ್ಯ ಸರ್ಕಾರದ್ದು ಎಂಬುದು ನಿಜ. ಆದರೆ ಈ ಮೂರು ಮನೆಗಳ ಸುತ್ತ ಎಷ್ಟು ಎತ್ತರದ ಕಟ್ಟಡ ಏಳಬೇಕು ಎಂಬ ಮಾತಿನಲ್ಲಿ ಕೌನ್ಸಿಲ್‌ನ ದನಿಗೆ ತೂಕವಿದೆ.

ಹಾಗಾಗಿ ನನ್ನ ಬೇಡಿಕೆ ಮೂರು. ಎಲಿಜಬೆತ್ ಫಾರ್ಮ್ ರಾಜ್ಯದ ಕೈಯಲ್ಲಿದೆ, ಎಕ್ಸ್‌ಪೆರಿಮೆಂಟ್ ಫಾರ್ಮ್ ಟ್ರಸ್ಟಿನದು, ಹ್ಯಾಂಬಲ್ಡನ್ ನಿಮ್ಮ ಕೌನ್ಸಿಲಿನದೇ ಆಸ್ತಿ. ಮೊದಲನೆಯದಾಗಿ, ನಿಮ್ಮ ಮನೆಯಿಂದಲೇ ಆರಂಭಿಸಿ ಉಳಿದಿಬ್ಬರನ್ನೂ ಕೂಡಿಸಿಕೊಂಡು ಮೂರರಲ್ಲೂ ಒಂದೇ ಕಥೆಯನ್ನು ಹೇಳಿಸಿ. ಆ ಕಥೆಯಲ್ಲಿ ನೆಲದವರು, ಕೈದಿಗಳು, ಬಂಗಾಳದ ಕುರಿ, ಎಲ್ಲವೂ ಇರಲಿ. ಫಲಕಗಳು ಪಂಜಾಬಿ, ಹಿಂದಿ, ತಮಿಳು, ಕನ್ನಡದಲ್ಲೂ ಬರಲಿ. ಎರಡನೆಯದಾಗಿ, ಈ ಮನೆಗಳ ಬೆಳಕು ಮತ್ತು ನೋಟಕ್ಕೆ ಅಡ್ಡಬರುವ ಯಾವ ಯೋಜನೆಗೂ ಕೌನ್ಸಿಲ್ ಬಹಿರಂಗವಾಗಿ ಆಕ್ಷೇಪ ಸಲ್ಲಿಸಲಿ. ಮೂರನೆಯದಾಗಿ, ಹ್ಯಾಂಬಲ್ಡನ್ ಬಾಗಿಲು ತೆರೆದಿಡಲು ದುಡಿಯುತ್ತಿರುವ ಸ್ವಯಂಸೇವಕರ ಜೊತೆ ನಮ್ಮ ಸಮುದಾಯವನ್ನೂ ಸೇರಿಸಿಕೊಳ್ಳಿ.

ದೀಪಾವಳಿಗೆ ನಮ್ಮನ್ನು ವೇದಿಕೆಗೆ ಕರೆಯುತ್ತೀರಿ, ಧನ್ಯವಾದ. ಆದರೆ ಇಲ್ಲಿ ಮನೆ ಮಾಡಿಕೊಂಡ ನಾವು ಈ ಊರಿನ ಹಿಂದಿನದಕ್ಕೂ ಹೊಣೆಗಾರರು. ಆ ಹೊಣೆಯಲ್ಲಿ ನಮಗೂ ಪಾಲು ಕೊಡಿ. ನಿಮ್ಮ ಉತ್ತರವೂ ಈ ಪತ್ರದಂತೆ ಬಹಿರಂಗವಾಗಿರಲಿ.

ಇತಿ ತಮ್ಮ ವಿಶ್ವಾಸಿ,
ಹ್ಯಾರಿಸ್ ಪಾರ್ಕ್‌ನ ಒಬ್ಬ ಕನ್ನಡಿಗ