ಹೋರಿ ಹೊಸದು, ಮೂಗುದಾರ ಹಳೇದು
ವೈನಿ, ಅಕ್ಕಾ, ನೀವs ಹೇಳ್ರಿ. ಇಲ್ಲೆ ಮಿಶಿಗನ್‌ನ್ಯಾಗ ನಮ್ಮನಿಯವರು 1969ರ ಕಮಾರೋ ಕಾರು ತಂದಾರ. ಹಳೇ ಕಾರ್ಬ್ಯುರೇಟರ್ ಎಂಜಿನ್ ತಗದು 6.2 ಲೀಟರಿನ ಎಲ್‌ಎಸ್3 ಎಂಜಿನ್, ಆರು ಗೇರಿನ ಗೇರ್‌ಬಾಕ್ಸ್ ಕೂಡಸ್ತಾರಂತ. 430 ಹಾರ್ಸ್‌ಪವರ್!

ಮೂಲ ಎಂಜಿನ್ ತಗದ್ರ ಕಾರಿನ ಮರ್ಯಾದಿ ಹೋಗ್ತದ ಅನ್ನೋರ ಮಾತು ನಾ ಒಪ್ಪಂಗಿಲ್ಲ. ಥಂಡ್ಯಾಗೂ ಕೀಲಿ ತಿರುವಿದ ಕೂಡ್ಲೆ ಚಾಲೂ ಆದ್ರ ಛಲೋನ ಅಲ್ಲೇನು?

ನನ್ನ ಜಗಳ ಬ್ಯಾರೆ. ನಾಕೂ ಗಾಲಿಗೆ ಆಗಿನ ಡ್ರಮ್ ಬ್ರೇಕs ಅವ. ಮ್ಯಾಲಿಂದ ಮ್ಯಾಲೆ ಒತ್ತಿದ್ರ ಕಾದು ಹಿಡತ ಬಿಡ್ತಾವ. ಅವಕ್ಕ ಮಾತ್ರ ರೊಕ್ಕ ಇಲ್ಲಂತ, "ಮುಂದಿನ ವರ್ಷ ನೋಡೂಣು" ಅಂತಾರ. ಹೊಸಾ ಹೋರಿ ತಂದು ಹಳೇ ಮೂಗುದಾರ ಹಾಕಿಧಂಗ ಆತು. ಬಾಜೂ ಸೀಟಿನ್ಯಾಗ ಕೂಡಾಕಿ ನನ್ನ ಮಗಳು.

ಮೊದ್ಲ ಡಿಸ್ಕ್ ಬ್ರೇಕ್, ಆಮ್ಯಾಲೆ ಎಂಜಿನ್. ಅಲ್ಲೀತನಾ ಗ್ಯಾರೇಜಿನ ಕೀಲಿ ನನ್ನ ಕಡೇನ.