ಬೈಗುಳದ ಬೇರು

ಬೈಗುಳವಿಲ್ಲದ ಭಾಷೆಯು ಲೋಕದಲ್ಲಿ ಇರುವಂತೆ ತೋರುವುದಿಲ್ಲ. ಕೋಪವು ಎಲ್ಲ ಮನುಷ್ಯರಿಗೂ ಸಾಧಾರಣವಾದದ್ದು. ಆದರೆ ಕೋಪಗೊಂಡವನ ನಾಲಗೆಗೆ ಒದಗುವ ಮಾತು ಎಲ್ಲ ಜನಾಂಗಗಳಲ್ಲಿಯೂ ಒಂದೇ ಅಲ್ಲ. ಒಂದು ಜನಾಂಗವು ಯಾವುದನ್ನು ಪೂಜ್ಯವೆಂದೆಣಿಸುತ್ತದೆ, ಯಾವುದಕ್ಕೆ ಅಂಜುತ್ತದೆ, ಯಾರನ್ನು ಕೀಳಾಗಿ ಕಾಣುತ್ತದೆ ಎಂಬುದನ್ನು ಅದರ ಬೈಗುಳಗಳು ಮರೆಮಾಚದೆ ತಿಳಿಸುತ್ತವೆ. ಆದಕಾರಣ, ಈ ವಿಷಯವು ಸಭ್ಯರ ಸಂಚಿಕೆಗೆ ತಕ್ಕದ್ದಲ್ಲವೆಂದು ಮುಖ ತಿರುಗಿಸದೆ ವಾಚಕರು ತುಸು ತಾಳ್ಮೆಯಿಂದ ಪರಾಂಬರಿಸಬೇಕಾಗಿ ಕೋರುತ್ತೇನೆ.

ಹಾಲೆಂಡ್ ದೇಶದ ಡಚ್ ಭಾಷೆಯಲ್ಲಿ ರೋಗಗಳ ಹೆಸರು ಹಿಡಿದು ಬೈಯುವುದು ರೂಢಿ. ಕ್ಷಯ, ವಿಷಮಜ್ವರ, ಪ್ಲೇಗು, ಕ್ಯಾನ್ಸರ್ ಇವೆಲ್ಲವೂ ಅಲ್ಲಿ ಬೈಗುಳಗಳಾಗಿವೆ. ‘ನಿನಗೆ ದೊಡ್ಡ ರೋಗ ಬರ’ ಎಂದು ನಮ್ಮ ಹಳ್ಳಿಗಳಲ್ಲಿ ಶಪಿಸುವುದೂ ಇದೇ ಬಗೆಯದು. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಫ್ರೆಂಚ್ ಮಾತನಾಡುವ ಜನರು ಬಹುಕಾಲ ಕಥೋಲಿಕ ಧರ್ಮಸಭೆಯ ಬಿಗಿಯಾದ ಅಧಿಕಾರಕ್ಕೆ ಒಳಪಟ್ಟಿದ್ದವರು. ಅವರ ಬೈಗುಳಗಳು ದೇವಾಲಯದ ಪೂಜಾಪೀಠದಿಂದಲೇ ಇಳಿದು ಬಂದಿವೆ. ಪವಿತ್ರ ಪ್ರಸಾದವನ್ನಿಡುವ ಪೆಟ್ಟಿಗೆಯ ಹೆಸರು, ದ್ರಾಕ್ಷಾರಸದ ಬಟ್ಟಲಿನ ಹೆಸರು, ಆ ಪ್ರಸಾದದ ಹೆಸರು ಇವೇ ಅಲ್ಲಿಯ ಬೀದಿಯ ಬೈಗುಳಗಳು. 1960ರ ದಶಕದಿಂದೀಚೆಗೆ ಅಲ್ಲಿಯ ದೇವಾಲಯಗಳಲ್ಲಿ ಜನರು ವಿರಳವಾಗುತ್ತ ಬಂದರೂ ಈ ಮಾತುಗಳು ಉಳಿದುಕೊಂಡವು. 2006ರಲ್ಲಿ ಮಾಂಟ್ರಿಯಲ್ ನಗರದ ಧರ್ಮಸಭೆಯವರು ಆ ಶಬ್ದಗಳನ್ನೇ ದೊಡ್ಡ ಫಲಕಗಳ ಮೇಲೆ ಬರೆಯಿಸಿ, ಅವುಗಳ ನಿಜವಾದ ಅರ್ಥವನ್ನು ಜನರಿಗೆ ನೆನಪಿಗೆ ತಂದುಕೊಡಬೇಕಾಯಿತು.

ಜಪಾನೀ ಭಾಷೆಯಲ್ಲಿ ಎದುರಿಗಿರುವವನನ್ನು ಯಾವ ಸರ್ವನಾಮದಿಂದ ಕರೆದರೆಂಬುದರಿಂದಲೇ ಅವಮಾನವಾಗಬಹುದು. ‘ಕಿಸಮಾ’ ಎಂಬುದು ಹಿಂದೆ ಗೌರವದ ಸಂಬೋಧನೆಯಾಗಿದ್ದು, ಈಗ ತಿರಸ್ಕಾರದ ಮಾತಾಗಿದೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ನೀವು’ ಎನ್ನಬೇಕಾದ ಹಿರಿಯರನ್ನು ‘ನೀನು’ ಎಂದರೆ ಸಾಕು, ಬೇರೆ ಬೈಗುಳವೇ ಬೇಡ. ಇನ್ನು ಇಂಗ್ಲಿಷಿನಲ್ಲಿ ‘ವಿಲನ್’ ಎಂದರೆ ಮೊದಲು ಜಮೀನುದಾರನ ಹೊಲದಲ್ಲಿ ದುಡಿಯುವ ಒಕ್ಕಲಿನವನು. ಕಾಲಕ್ರಮದಲ್ಲಿ ಆ ಬಡವನ ಹೆಸರೇ ದುಷ್ಟನ ಹೆಸರಾಯಿತು. ‘ಹಸ್ಸಿ’ ಎಂದರೆ ಮೊದಲು ಮನೆವಾರ್ತೆಯನ್ನು ನೋಡುವ ಗೃಹಿಣಿ. ಬಳಿಕ ಅದೇ ಮಾತು ನಡತೆಗೆಟ್ಟವಳಿಗೆ ಸಂದಿತು. ಎದುರು ಮಾತನಾಡಲಾರದವರ ಹೆಸರುಗಳೇ ಹೀಗೆ ಬೈಗುಳಗಳಾಗುವುದನ್ನು ಗಮನಿಸಬೇಕು.

ಇನ್ನು ನಮ್ಮ ಮನೆಯನ್ನು ನೋಡೋಣ. ರೋಗವನ್ನು ಹೆಸರಿಸದೆ ಚಿಕಿತ್ಸೆ ಮಾಡಲಾಗದಾದುದರಿಂದ ಎರಡು ಮಾತುಗಳನ್ನು ಸಂಕೋಚದಿಂದಲೇ ಇಲ್ಲಿ ಬರೆಯುತ್ತೇನೆ. ‘ಮುಂಡ’ ಎಂದರೆ ಬೋಳಿಸಿದ ತಲೆ. ಗಂಡನು ಸತ್ತ ಮೇಲೆ ತಲೆ ಬೋಳಿಸಿಕೊಳ್ಳಬೇಕಾಗಿ ಬಂದವಳೇ ‘ಮುಂಡೆ’. ‘ರಂಡೆ’ ಎಂಬ ಸಂಸ್ಕೃತ ಶಬ್ದಕ್ಕೂ ವಿಧವೆಯೆಂದೇ ಅರ್ಥ. ಈಗಿನ ಕರ್ನಾಟಕದ ಘಟ್ಟಸೀಮೆಯ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡ ಪಂಡಿತಾ ರಮಾಬಾಯಿಯವರು, ಉಚ್ಚ ಜಾತಿಯ ಹಿಂದೂ ಸ್ತ್ರೀಯರನ್ನು ಕುರಿತು 1887ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ, ವಿಧವೆಗೂ ವೇಶ್ಯೆಗೂ ಜನರು ‘ರಾಂಡ್’ ಎಂಬ ಒಂದೇ ಹೆಸರನ್ನು ಸಲ್ಲಿಸುವುದನ್ನು ಎತ್ತಿ ತೋರಿಸಿದರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, ಹಾಗೆ ಕರೆಯಿಸಿಕೊಂಡವರಿಗೆ ವಿದ್ಯೆಯನ್ನೂ ಆಶ್ರಯವನ್ನೂ ಕೊಟ್ಟರು. ವಿಧವೆಯರ ಮರುಮದುವೆಗೆ 1856ರಲ್ಲಿಯೇ ಕಾಯಿದೆಯ ಬೆಂಬಲ ದೊರೆತಿತ್ತು. ಕೇಶಮುಂಡನವೂ ಈಗ ಹೆಚ್ಚುಕಡಮೆ ಕಣ್ಮರೆಯಾಗಿದೆ. ಆದರೆ ಆ ಹೆಸರು ಮಾತ್ರ ನಮ್ಮ ಜಗಳಗಳಲ್ಲಿ ಇನ್ನೂ ಜೀವಿಸಿಕೊಂಡಿದೆ.

ಕಳ್ಳನೆಂದೋ ಸುಳ್ಳುಗಾರನೆಂದೋ ಬೈದರೆ ಒಂದು ತಪ್ಪನ್ನಾದರೂ ಬೈದಂತಾಯಿತು. ‘ಮುಂಡೆ’ ಎಂದಾಗ, ‘ಬಂಜೆ’ ಎಂದಾಗ, ನಾವು ಬೈಯುವುದು ಒಬ್ಬ ಹೆಂಗಸಿನ ದುಃಖವನ್ನು. ಇಬ್ಬರು ಗಂಡಸರು ಹೊಲದ ಬದುವಿನ ವಿಷಯವಾಗಿ ಜಗಳವಾಡಿ ‘ಮುಂಡೇಮಗನೆ’ ಎಂದು ಕೂಗಿದರೆ, ಆ ವ್ಯಾಜ್ಯದಲ್ಲಿ ಯಾವ ಪಾಲೂ ಇಲ್ಲದೆ ಮನೆಯಲ್ಲಿರುವ ತಾಯಿಯ ಮೇಲೆ ಪೆಟ್ಟು ಬೀಳುತ್ತದೆ. ಇದಕ್ಕಿಂತ ಶೋಚನೀಯವಾದದ್ದೇನೆಂದರೆ, ನಲ್ಲಿಯ ಬಳಿಯ ಜಗಳಗಳಲ್ಲಿ ಹೆಂಗಸರೇ ಹೆಂಗಸರ ಮೇಲೆ ಈ ಮಾತುಗಳನ್ನು ಪ್ರಯೋಗಿಸುವುದು.

‘ಇದು ಬರಿಯ ಬಾಯಿರೂಢಿ; ಸ್ನೇಹಿತರು ಸಲಿಗೆಯಿಂದಲೂ ಹೀಗೆನ್ನುವುದಿಲ್ಲವೇ? ಅರ್ಥವನ್ನು ಯಾರು ನೋಡುತ್ತಾರೆ?’ ಎಂದು ಕೆಲವರು ಕೇಳುವರು. ಆಡುವವನ ಪಾಲಿಗೆ ಅರ್ಥವು ಸವೆದಿರಬಹುದು. ಸಮೀಪದಲ್ಲಿ ಕುಳಿತು ಕೇಳುವ ವಿಧವೆಯ ಪಾಲಿಗೆ ಅದು ಸವೆದಿಲ್ಲ. ರೂಢಿಯೆಂಬ ಸಮಾಧಾನವನ್ನು ಸರಕಾರವು ಬೇರೆ ಕಡೆಗಳಲ್ಲಿ ಒಪ್ಪಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರನ್ನು ಬಹಿರಂಗವಾಗಿ ಅವಮಾನಪಡಿಸುವುದನ್ನು 1989ರ ಕಾಯಿದೆಯು ಅಪರಾಧವೆಂದಿತು; 2015ರ ತಿದ್ದುಪಡಿಯು ಜಾತಿಯ ಹೆಸರು ಹಿಡಿದು ಬೈಯುವುದನ್ನು ಸ್ಪಷ್ಟವಾಗಿ ಅದರಲ್ಲಿ ಸೇರಿಸಿತು. ಅಂಗವೈಕಲ್ಯವುಳ್ಳವರನ್ನು ಬೇಕೆಂದೇ ಬಹಿರಂಗವಾಗಿ ಅವಮಾನಪಡಿಸುವುದೂ 2016ರ ಕಾಯಿದೆಯಂತೆ ಶಿಕ್ಷಾರ್ಹವಾಗಿದೆ. ಆದರೆ ಅಡಿಗೆಮನೆಯ ಮಾತಿಗೂ ಕೇರಿಯ ಮಾತಿಗೂ ಕಾಯಿದೆಯು ಕಾವಲು ನಿಲ್ಲಲಾರದು.

ತಪ್ಪು ಮಾಡಿದವರನ್ನು ಗದರಿಸಲೇಬಾರದೆಂದು ನಾನು ಹೇಳುವುದಿಲ್ಲ. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆಂಬ ಗಾದೆಯು ಸುಳ್ಳಲ್ಲ. ಆದರೆ ಆ ಬೈಗುಳವು ಮಾಡಿದ ತಪ್ಪಿಗೆ ತಾಗಲಿ. ವಿಧಿಯು ತಂದೊಡ್ಡಿದ ಸಂಕಟಕ್ಕೂ ಹುಟ್ಟಿಗೂ ತಾಗದಿರಲಿ.

ವಿದ್ಯಾರ್ಥಿನಿಯರೇ, ಈ ಕೆಲಸವು ವಿಶೇಷವಾಗಿ ನಿಮ್ಮದು. ನೀವು ಮುಂದೆ ತಾಯಂದಿರೂ ಉಪಾಧ್ಯಾಯಿನಿಯರೂ ಆಗುವಿರಿ. ಮಕ್ಕಳು ಮಾತನ್ನು ಕಲಿಯುವುದು ನಿಮ್ಮ ಬಾಯಿಂದ. ಈ ಶಬ್ದಗಳನ್ನು ನೀವು ಆಡದಿರುವುದಷ್ಟೇ ಸಾಲದು. ಅವು ನಿಮ್ಮ ಮನೆಯ ಹುಡುಗರ ಬಾಯಲ್ಲಿ ಬಂದಾಗ ಸುಮ್ಮನಿರದೆ, ಅವುಗಳ ಅರ್ಥವನ್ನು ಬಿಡಿಸಿ ಹೇಳಿರಿ. ಮನೆಯಲ್ಲಿರುವ ವಿಧವೆಯಾದ ಅತ್ತೆಯನ್ನೋ ಅಜ್ಜಿಯನ್ನೋ ತೋರಿಸಿ, ‘ನೀನು ಬೈದದ್ದು ಇವರನ್ನು’ ಎಂದು ತಿಳಿಸಿರಿ. ಅದನ್ನು ಕೇಳಿದ ಹುಡುಗನು ಮತ್ತೊಮ್ಮೆ ಆ ಮಾತನ್ನು ಆಡುವ ಮೊದಲು ಯೋಚಿಸದೆ ಇರಲಾರನು.