ಕಿವಿಯಿಂದ ಓದುವ ಹುಡುಗನಿಗೂ ಪುಸ್ತಕ ಕೊಡಿ

ಬೀದರ್ ಜಿಲ್ಲೆಯ ಮುಡಬಿ ಹೋಬಳಿಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. ಹೋದ ವರ್ಷ ಎಂಟನೇ ತರಗತಿಗೆ ಬಂದ ಒಬ್ಬ ಹುಡುಗ ‘ಧರ್ಮ’ ಎಂಬ ಪದದ ಮುಂದೆ ನಿಂತುಬಿಟ್ಟ. ‘ಧಮ’ ಎಂದ, ಆಮೇಲೆ ‘ಧಮರ’ ಎಂದ, ಮೂರನೇ ಸಲ ಬಾಯಿಯೇ ತೆರೆಯಲಿಲ್ಲ. ಹುಡುಗರೆಲ್ಲ ನಕ್ಕರು. ನಾನು ಬೈದೆ.

ಆ ಶ್ರಾವಣದಲ್ಲಿ ಊರ ಗುಡಿಯ ಭಜನೆಗೆ ಹೋಗಿದ್ದೆ. ಅದೇ ಹುಡುಗ ಅಜ್ಜನ ಪಕ್ಕ ಕೂತು ತಾಳ ಹಿಡಿದು, ಒಂದರ ಹಿಂದೊಂದು ತತ್ವಪದ ಹಾಡುತ್ತಿದ್ದ. ಎದುರಿಗೆ ಪುಸ್ತಕವಿರಲಿಲ್ಲ, ಒಂದು ನುಡಿಯೂ ತಪ್ಪಲಿಲ್ಲ. ಇಂಥವನನ್ನು ದಡ್ಡ ಎಂದಿದ್ದೆನಲ್ಲ ಎಂಬ ಸಂಕಟಕ್ಕೆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಬಳಿ ಕರೆದು ಕೇಳಿದೆ. ‘ಸರ, ಕಣ್ಣಾಗ ಅಕ್ಷರ ನಿಂದ್ರಂಗಿಲ್ರೀ’ ಎಂದ.

ನಮ್ಮ ಲಿಪಿಯಲ್ಲಿ ಅಕ್ಷರ ನಿಲ್ಲದಿರಲು ಕಾರಣಗಳು ಬೇಕಾದಷ್ಟಿವೆ. ‘ಧರ್ಮ’ದಲ್ಲಿ ರಕಾರವನ್ನು ಮೊದಲು ಉಚ್ಚರಿಸಬೇಕು, ಆದರೆ ಅರ್ಕಾವತ್ತು ಕೂತಿರುವುದು ‘ಮ’ದ ನಂತರ. ‘ಮ’ ಮತ್ತು ‘ವು’ ಅಕ್ಕತಂಗಿಯರಂತೆ ಕಾಣುತ್ತವೆ. ಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಸೋನಾಲಿ ನಾಗ್ ಅವರ ಅಧ್ಯಯನಗಳ ಪ್ರಕಾರ, ಇವುಗಳ ಮೇಲೆ ಹಿಡಿತ ಸಿಗಲು ಸಾಮಾನ್ಯ ಮಕ್ಕಳಿಗೂ ನಾಲ್ಕೈದು ವರ್ಷ ಬೇಕು. ಹಾಗಾಗಿಯೇ ನಾವು ಮೇಷ್ಟ್ರುಗಳು ಮೋಸ ಹೋಗುತ್ತೇವೆ. ‘ಕಲೀತಾನ ಬಿಡ್ರಿ’ ಎನ್ನುತ್ತಲೇ ಹುಡುಗ ಎಂಟನೇ ತರಗತಿಗೆ ಬಂದಿರುತ್ತಾನೆ. ಓದಿನ ಇಂಥ ತೊಡಕನ್ನು, ಅಂದರೆ ಡಿಸ್ಲೆಕ್ಸಿಯಾವನ್ನು, ಗುರುತಿಸಲು ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ‘ಡಾಲಿ’ ಎಂಬ ಪರೀಕ್ಷೆ ಕನ್ನಡದಲ್ಲೂ ಇದೆ. ಒಂದರಿಂದ ಐದನೇ ತರಗತಿಯ ಮಕ್ಕಳ ಮೊದಲ ತಪಾಸಣೆಯನ್ನು ಅದರಲ್ಲಿ ಶಿಕ್ಷಕರೇ ಮಾಡಬಹುದು. ಇಷ್ಟು ವರ್ಷದ ನೌಕರಿಯಲ್ಲಿ ಯಾವ ತರಬೇತಿಯಲ್ಲೂ ನನಗೆ ಅದರ ಹೆಸರು ಕೇಳಿಸಿರಲಿಲ್ಲ.

ಆ ಹುಡುಗನ ಅಪ್ಪನ ಹತ್ತಿರ ಒಂದು ಸಾಧಾರಣ ಮೊಬೈಲ್ ಇತ್ತು. ಸಮಾಜ ವಿಜ್ಞಾನದ ಒಂದು ಪುಟದ ಫೋಟೋ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಓದಿಸಿದೆವು. ಧ್ವನಿ ಚೂರು ಯಾಂತ್ರಿಕ, ಆದರೆ ಸ್ಪಷ್ಟ. ಇಯರ್‌ಫೋನ್ ಹಾಕಿಕೊಂಡು, ಸಾಲಿನ ಕೆಳಗೆ ಬೆರಳು ಓಡಿಸುತ್ತ ಎರಡು ಸಲ ಕೇಳಿದ. ಆಮೇಲೆ ಕಪ್ಪುಮಣ್ಣಿನ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಹೇಳಿದ್ದಲ್ಲದೆ, ಅಂಥ ನೆಲಕ್ಕೆ ತೊಗರಿ ಯಾಕೆ ಒಗ್ಗುತ್ತದೆ ಎಂದು ತಮ್ಮ ಹೊಲದ ಉದಾಹರಣೆ ಕೊಟ್ಟು ನನಗೇ ತಿಳಿಸಿದ.

ಸಹೋದ್ಯೋಗಿಯೊಬ್ಬರು ‘ಮೊಬೈಲ್ ಕೊಟ್ರ ಓದೋದೇ ಬಿಡ್ತಾನ’ ಎಂದರು. ಆ ಭಯ ಸುಳ್ಳಲ್ಲ. ರೀಲ್ಸ್ ನೋಡುತ್ತ ಕೂರುವ ಮಕ್ಕಳನ್ನು ನಾನೂ ಕಂಡಿದ್ದೇನೆ. ಅದಕ್ಕೇ ಶಾಲೆ ಬಿಟ್ಟ ಮೇಲೆ, ನನ್ನ ಎದುರಿಗೆ, ಇಪ್ಪತ್ತು ನಿಮಿಷ ಮಾತ್ರ. ಅದರ ಜೊತೆ ಹತ್ತು ನಿಮಿಷ ಒತ್ತಕ್ಷರ ಬಿಡಿಸುವ ಪಾಠವನ್ನೂ ತಪ್ಪಿಸಿಲ್ಲ. ಯಂತ್ರ ಅವನಿಗೆ ಓದು ಕಲಿಸುವುದಿಲ್ಲ. ಓದು ಬರುವ ತನಕ ವಿಜ್ಞಾನ, ಇತಿಹಾಸ ಕೈತಪ್ಪದಂತೆ ನೋಡಿಕೊಳ್ಳುತ್ತದೆ. ಮೊದಲು ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದವನು ಈಗ ‘ಇವತ್ತ ಯಾ ಪಾಠರೀ?’ ಎಂದು ತಾನೇ ಕೇಳುತ್ತಾನೆ.

ತೊಡಕುಗಳೂ ಇವೆ. ಪುಟಪುಟವೂ ಫೋಟೋ ಯಾಕೆ ಎಂದು ಒಂದು ಪಾಠದ ಪಿಡಿಎಫ್ ಇಳಿಸಿಕೊಂಡು ಓದಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗದ್ದಲ ಕೇಳಿತು. ಅದು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಕಡತ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ. ಇನ್ನು ಬರವಣಿಗೆಯ ಬದಲು ಮಾತಾಡಿ ಟೈಪ್ ಮಾಡಿಸೋಣವೆಂದರೆ, ‘ನಿನ್ನಿ ತೊಗರಿ ರಾಶಿ ಮಾಡ್ಲಾಕ ಹೋಗಿದ್ದ’ ಎಂದದ್ದರಲ್ಲಿ ‘ನಿನ್ನಿ’ ಹೋಗಿ ‘ನಿನ್ನ’ ಆಯಿತು, ತೊಗರಿ ‘ತೊಂದರೆ’ ಆಯಿತು. ಬೀದರ್ ಸೀಮೆಯ ಮಾತು ಆ ಯಂತ್ರಕ್ಕೆ ಯಾರೂ ಕಲಿಸಿದಂತಿಲ್ಲ. ಹುಡುಗ ಮಾತ್ರ ಮತ್ತೆ ತನ್ನದೇ ತಪ್ಪೆಂದು ತಲೆ ತಗ್ಗಿಸಿದ. ನನಗೆ ಅತಿ ಹೆಚ್ಚು ನೋವಾದದ್ದು ಆಗಲೇ.

ಕಾಯ್ದೆ ಇವನ ಪರವಾಗಿದೆ. 1995ರ ಕಾಯ್ದೆಯಲ್ಲಿ ಇಲ್ಲದಿದ್ದ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತನ್ನ 21 ಬಗೆಗಳಲ್ಲಿ ಸೇರಿಸಿತು. ಶಾಲೆಗಳು ಇದನ್ನು ಆದಷ್ಟು ಬೇಗ ಗುರುತಿಸಬೇಕು ಎನ್ನುತ್ತದೆ. ಶೇ. 40 ಅಥವಾ ಹೆಚ್ಚಿನ ನ್ಯೂನತೆ ಪ್ರಮಾಣಿತವಾದ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಸಹಾಯಕ ಸಾಧನ ಉಚಿತವಾಗಿ ಕೊಡಬೇಕು, ನ್ಯೂನತೆಯುಳ್ಳ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಸಿಗಬೇಕು ಎಂದೂ ಇದೆ. ಆದರೆ ಎಲ್ಲಕ್ಕೂ ಮೊದಲು ನ್ಯೂನತೆಯ ಪ್ರಮಾಣಪತ್ರ ಬೇಕು. ಅದಕ್ಕಾಗಿ ಅವನ ಅಪ್ಪ ಕೂಲಿ ಬಿಟ್ಟು ಮೂರು ಸಲ ಬಸ್ ಹತ್ತಿದ್ದಾರೆ. ಮೂರು ಸಲವೂ ‘ಪರೀಕ್ಷೆ ಮಾಡುವವರು ಇವತ್ತು ಇಲ್ಲ’ ಎನ್ನಿಸಿಕೊಂಡು ವಾಪಸು ಬಂದಿದ್ದಾರೆ.

ಸರ್ಕಾರವನ್ನು ನಾನು ಕೇಳುವುದು ದೊಡ್ಡದೇನಲ್ಲ. ಮುದ್ರಣಕ್ಕೆ ಹೋಗುವ ಪ್ರತಿ ಪಠ್ಯಪುಸ್ತಕದ ಯೂನಿಕೋಡ್ ಪ್ರತಿಯನ್ನು ಅದೇ ದಿನ ಎಲ್ಲರಿಗೂ ಸಿಗುವಂತೆ ಇಡಿ. ಕಲಿಕಾ ನ್ಯೂನತೆ ಪರೀಕ್ಷಿಸುವವರನ್ನು ವರ್ಷಕ್ಕೆರಡು ಸಲ ಬಸವಕಲ್ಯಾಣ, ಹುಮನಾಬಾದಿಗೆ ಕಳಿಸಿ, ದಿನಾಂಕ ಮೊದಲೇ ತಿಳಿಸಿ.

ಹುಡುಗ ಈಗ ಒಂಬತ್ತನೇ ತರಗತಿ. ಎಸ್ಸೆಸ್ಸೆಲ್ಸಿಗೆ ಉಳಿದಿರುವುದು ಒಂದೇ ವರ್ಷ. ಪ್ರಮಾಣಪತ್ರ ಇನ್ನೂ ಬಂದಿಲ್ಲ.